ಗೋಲ್ಡ್‌ಫಿಶ್ ಮೈ ಉಜ್ಜುವುದು ನಿಲ್ಲುತ್ತಲೇ ಇಲ್ಲ: ಬಾವಿ ನೀರು ಬಳಸುವವರು ಸ್ವಲ್ಪ ನೋಡಿ

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಮನೆ ಬಾವಿ ನೀರು. 200 ಲೀಟರ್ ಟ್ಯಾಂಕಿನಲ್ಲಿ ನಾಲ್ಕು ಒರಾಂಡಾ, ಎರಡು ಮಾಮೂಲಿ ಗೋಲ್ಡ್‌ಫಿಶ್ ಇವೆ. ಮಳೆ ಹಿಡಿದಾಗಿನಿಂದ ಮೈ ಉಜ್ಜುತ್ತಿವೆ. ಫಿಲ್ಟರ್ ಪೈಪಿಗೆ, ಕಲ್ಲಿಗೆ, ತಳದ ಮರಳಿಗೆ. ಓರೆಯಾಗಿ ಸರ್ರನೆ ಜಾರಿ ಬಂದು, ಒಮ್ಮೆ ಹೊಟ್ಟೆ ಮಿಂಚಿಸಿ, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಈಜುತ್ತವೆ. ಬಿಳಿ ಚುಕ್ಕಿ ಇಲ್ಲ, ಹುಣ್ಣಿಲ್ಲ, ಊಟಕ್ಕೆ ಕೊರತೆ ಇಲ್ಲ. ದೊಡ್ಡ ಒರಾಂಡಾ ಮಾತ್ರ ಒಂದು ಬದಿಯ ಕಿವಿರು ಮುಚ್ಚಿಕೊಂಡು ಇನ್ನೊಂದರಲ್ಲೇ ಉಸಿರಾಡುತ್ತದೆ.

ಅಂಗಡಿಯಲ್ಲಿ ಕೊಟ್ಟ ನೀಲಿ ಔಷಧಿ ಹಾಕಿಯಾಯಿತು. ಹಸಿರು ಔಷಧಿ ಹಾಕಿಯಾಯಿತು. ಉಪ್ಪೂ ಆಯಿತು. ಹಾಕಿದಾಗ ಸ್ವಲ್ಪ ಕಡಿಮೆ, ಆಮೇಲೆ ಮತ್ತೆ ಶುರು. ಇನ್ನೇನು ಹಾಕಬಹುದು?

ಗಪ್ಪಿ ಗುರು, ಅಂಕೋಲಾ

ಅರಿಶಿನ, ಕಹಿಬೇವು ಹಾಕಿ ನೋಡಿ. ಬಾದಾಮಿ ಎಲೆಯೂ ಆಗುತ್ತದೆ, ಇಲ್ಲಿ ಕಡಲ ದಂಡೆಯಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಸುಮ್ನೆ ಔಷಧಿಗೆ ದುಡ್ಡು ಸುರಿಯಬೇಡಿ.

ಹಳೇ ಟ್ಯಾಂಕು, ಹೊನ್ನಾವರ

ಗುರುಗಳೇ, ಬಾದಾಮಿ ಎಲೆ ಬೆಟ್ಟಾ ಮೀನಿಗೆ ಒಳ್ಳೆಯದು. ಶಿರಸಿ ಬಾವಿ ನೀರಿನ ಗೋಲ್ಡ್‌ಫಿಶ್‌ಗೆ ಈಗ ಬೇಡ. ಮೊದಲೇ ಹುಳಿಯಾದ ನೀರಿಗೆ ಇನ್ನಷ್ಟು ಹುಳಿ ಹಿಂಡಿದ ಹಾಗಾಗುತ್ತದೆ. ಅರಿಶಿನದ ಪುಡಿ ತಳದಲ್ಲಿ ಕೂತು ಕೊಳೆಯುವುದೇ ಜಾಸ್ತಿ.

ತೋಟದಮನೆಯವರೇ, ಸದ್ಯಕ್ಕೆ ಏನನ್ನೂ ಹಾಕಬೇಡಿ. ಮೀನು ಮೈ ಉಜ್ಜುತ್ತದೆ ಅಂದರೆ ಚರ್ಮವೋ ಕಿವಿರೋ ಕಡಿಯುತ್ತಿದೆ ಅಂತ ಅರ್ಥ, ಅಷ್ಟೇ. ಹುಳ ಕಡಿದರೂ ಉಜ್ಜುತ್ತದೆ, ನೀರು ಕಡಿದರೂ ಉಜ್ಜುತ್ತದೆ. ಯಾವುದು ಅಂತ ಗೊತ್ತಾಗುವ ಮೊದಲು ಬಾಟಲಿ ಮೇಲೆ ಬಾಟಲಿ ಸುರಿದರೆ ಮೂರನೆಯ ಕಾರಣವನ್ನು ನಾವೇ ಹುಟ್ಟಿಸಿದ ಹಾಗೆ. ಔಷಧಿಯೂ ಕಿವಿರನ್ನು ಸುಡುತ್ತದೆ, ಅಲ್ವಾ?

ಕೆಲವು ಪ್ರಶ್ನೆ. ನೀರು ಬದಲಿಸಿದ ಮೇಲೆ ಉಜ್ಜುವುದು ಹೆಚ್ಚೋ, ದಿನವಿಡೀ ಒಂದೇ ರೀತಿಯೋ? ಬಾವಿ ನೀರನ್ನು ಎತ್ತಿದ ಕೂಡಲೇ ಹಾಕುತ್ತೀರೋ? ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ), ಕೆಎಚ್ (ಹುಳಿಯನ್ನು ತಡೆಯುವ ಕಾರ್ಬೋನೇಟಿನ ಅಳತೆ), ಅಮೋನಿಯಾ ಎಷ್ಟಿದೆ? ಟ್ಯಾಂಕಿನಲ್ಲಿ ಬಸವನಹುಳ ಇದ್ದರೆ ಅವು ಆರಾಮಾಗಿವೆಯೋ? ಪಂಚಾಯ್ತಿಯಿಂದ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೋ? ಕೊನೆಯದು: ನೀರು ಹೊರುವ ಕೊಡ, ಪೈಪು ತೋಟದ ಔಷಧಿಗೂ ಬಳಕೆಯಾಗುತ್ತದೋ?

ತೋಟದಮನೆ, ಶಿರಸಿ

ನೀರು ಹಾಕಿದ ದಿನ ಜಾಸ್ತಿ ಹೌದು. ಆದರೆ ಉಳಿದ ದಿನವೂ ಇದ್ದೇ ಇದೆ. ಬಾವಿಯಿಂದ ನೇರ ಹಾಕುವುದು. ಬ್ಲೀಚಿಂಗ್ ಈ ಸಲ ಹಾಕಿಲ್ಲ. ಬಸವನಹುಳ ಆರಾಮಾಗಿವೆ, ಮರಿ ಹಾಕುತ್ತಾ ಇವೆ. ಟ್ಯಾಂಕಿನ ಕೊಡ ಬೇರೆ, ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಡ್ರಮ್ ಬೇರೆ. ಅದನ್ಯಾಕೆ ಕೇಳಿದಿರಿ ಅಂತ ಗೊತ್ತಾಗಲಿಲ್ಲ. ಪಿಎಚ್ ಪಟ್ಟಿಯಲ್ಲಿ 6ರ ಕೆಳಗಿನ ಬಣ್ಣ ಬಂತು. ಕೆಎಚ್ ಸೊನ್ನೆಯೇ. ಅಮೋನಿಯಾ 1 ತೋರಿಸುತ್ತಿದೆ.

ಲೋಚ್ ಪ್ರಿಯ, ಯಲ್ಲಾಪುರ

ಬೋರ್ಡೋ ಅಂದಾಗ ನೆನಪಾಯಿತು. ಮೈಲುತುತ್ತವನ್ನು ಮೀನಿನ ಪರಾವಲಂಬಿಗೂ ಬಳಸುತ್ತಾರೆ ಅಂತ ಓದಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಅಂತ ಎಲ್ಲರ ಮನೆಯಲ್ಲೂ ಇರುತ್ತದಲ್ಲ. ಒಂದು ಚಿಟಿಕೆ ಹಾಕಿದರೆ?

ಹಳೇ ಟ್ಯಾಂಕು, ಹೊನ್ನಾವರ

ಬೇಡವೇ ಬೇಡ. ಕೊಡದ ವಿಷಯ ಕೇಳಿದ್ದೂ ಅದಕ್ಕೇ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಂಥ ಡ್ರಮ್ಮನ್ನು ಎಷ್ಟು ತೊಳೆದರೂ ಮೂಲೆಯಲ್ಲಿ ನೀಲಿ ಉಳಿದಿರುತ್ತದೆ. ಮೀನಿನ ಟ್ಯಾಂಕಿಗೆ ಅಷ್ಟೇ ಸಾಕು. ತಾಮ್ರದ ವಿಷ ನೀರಿನ ಗಡಸುತನದ ಮೇಲೆ ನಿಂತಿದೆ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಮೀನು ತಡೆದುಕೊಳ್ಳುವ ತಾಮ್ರ ನಮ್ಮ ಮೆತ್ತನೆ ನೀರಿನಲ್ಲಿ ಅದೇ ಮೀನನ್ನು ಕೊಲ್ಲುತ್ತದೆ. ಮೀನಿಗಿಂತ ಮೊದಲು ಬಸವನಹುಳ ಸಾಯುತ್ತವೆ. ತೋಟದಮನೆಯವರ ಬಸವನಹುಳ ಮರಿ ಹಾಕುತ್ತಿವೆ ಅಂದಮೇಲೆ ಅಲ್ಲಿ ತಾಮ್ರದ ಸಂಶಯ ಬಿಡಬಹುದು.

ಈಗ ನೀರಿನ ವಿಷಯ. ಇದು ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಬೇಕಾದದ್ದು, ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಚಿರೇಕಲ್ಲಿನ ನೆಲದಲ್ಲಿ ಸುಣ್ಣದ ಅಂಶ ಕಡಿಮೆ. ಮಳೆ ನೀರು ಇಳಿದು ಬಾವಿ ಸೇರುವಾಗ ಅದಕ್ಕೆ ಕಾರ್ಬೋನೇಟ್ ಸಿಗುವುದೇ ಇಲ್ಲ. ಅದಕ್ಕೇ ಕೆಎಚ್ ಸೊನ್ನೆ. ಮಳೆಗಾಲದಲ್ಲಿ ಬಾವಿ ತುಂಬಿದಾಗ ಇನ್ನೂ ತೆಳು. ಜೊತೆಗೆ ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಎತ್ತಿದ ತಕ್ಷಣ ಅಳೆದರೆ ಪಿಎಚ್ ಕೆಳಗೆ, ಒಂದು ರಾತ್ರಿ ಬಕೆಟಿನಲ್ಲಿ ಏರ್ ಸ್ಟೋನ್ ಓಡಿಸಿ ಅಳೆದರೆ ಮೇಲೆ. ನೇರ ಸುರಿದರೆ ಮೀನಿಗೆ ಆ ಏರಿಳಿತ ಕಡಿಯುತ್ತದೆ. ನೀರು ಹಾಕಿದ ದಿನದ ಉಜ್ಜಾಟಕ್ಕೆ ಇಷ್ಟು ಸಾಕು.

ಕೆಎಚ್ ಇಲ್ಲದ ಟ್ಯಾಂಕಿನಲ್ಲಿ ಮೀನಿನ ಹೊಲಸಿನಿಂದ ಹುಟ್ಟುವ ಆಮ್ಲಕ್ಕೆ ತಡೆ ಇಲ್ಲ, ಪಿಎಚ್ ಇಳಿಯುತ್ತಲೇ ಹೋಗುತ್ತದೆ. 6ರ ಕೆಳಗೆ ಹೋದರೆ ಫಿಲ್ಟರಿನ ಬ್ಯಾಕ್ಟೀರಿಯಾ ಬಹಳ ನಿಧಾನವಾಗುತ್ತದೆ, ಅಮೋನಿಯಾ ಏರುತ್ತದೆ. ನೀಲಿ ಔಷಧಿ ಮೆಥಿಲೀನ್ ಬ್ಲೂ ಆಗಿದ್ದರೆ ಅದೂ ಆ ಬ್ಯಾಕ್ಟೀರಿಯಾಕ್ಕೆ ಹೊಡೆತ ಕೊಟ್ಟಿರುತ್ತದೆ.

ಇಲ್ಲೊಂದು ಅಪಾಯ ಇದೆ. ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚೂಕಡಿಮೆ ಎಲ್ಲಾ ಅಮೋನಿಯಂ ಆಗಿರುತ್ತದೆ, ಅದು ಅಷ್ಟು ವಿಷವಲ್ಲ. ಪಿಎಚ್ ಒಂದು ಅಂಕ ಏರಿತೋ, ವಿಷದ ಪಾಲು ಸುಮಾರು ಹತ್ತು ಪಟ್ಟು. ಹಾಗಾಗಿ ಈಗಲೇ ಸೋಡಾ ಸುರಿದು ಪಿಎಚ್ ಏರಿಸಬೇಡಿ. ಮೊದಲು ಗಾಳಿ ಆಡಿಸಿದ ನೀರಿನಿಂದ ಸ್ವಲ್ಪ ಸ್ವಲ್ಪ ಬದಲಿಸಿ ಅಮೋನಿಯಾ ಇಳಿಸಿ. ಆಮೇಲೆ ಅಡುಗೆ ಸೋಡಾ. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಅರ್ಧ ಡಿಗ್ರಿ ಸಾಕು, 4ಕ್ಕೆ ಬಂದಮೇಲೆ ನಿಲ್ಲಿಸಿ.

ಅಳಿವೆ, ಕುಮಟಾ

ಕೆಎಚ್‌ಗೆ ಬಳಚಿನ (ಹೊಳೆಯ ಚಿಪ್ಪುಮೀನಿನ) ಚಿಪ್ಪು ಹಾಕಿ. ಅಘನಾಶಿನಿ ಬಳಚು ತಿಂದ ಮನೆಯಲ್ಲಿ ಚಿಪ್ಪಿಗೆ ಏನು ಬರ. ಚೆನ್ನಾಗಿ ಉಜ್ಜಿ, ಕುದಿಸಿ, ಒಣಗಿಸಿ, ಒಂದು ಹಿಡಿ ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಡಿ. ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಸರಿಯಾದಮೇಲೆ ನಿಧಾನ. ಸೋಡಾ ಥರ ಒಮ್ಮೆಲೇ ಏರುವುದಿಲ್ಲ. ಮಾಂಸದ ಚೂರು ಉಳಿದಿರಬಾರದು, ಅದೊಂದು ನೋಡಿಕೊಳ್ಳಿ.

ಕಾಳಿ ದಂಡೆ, ಕಾರವಾರ

ಹಳೇ ಟ್ಯಾಂಕು ಹೇಳಿದ್ದೆಲ್ಲ ಸರಿ. ಆದರೆ ನೀರು ಒಂದೇ ಕಾರಣ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೊದಲ ಪೋಸ್ಟಿನಲ್ಲಿ ಒಂದು ಸಾಲು ಇದೆ, ಯಾರೂ ಹಿಡಿಯಲಿಲ್ಲ. ಒಂದು ಬದಿಯ ಕಿವಿರು ಮುಚ್ಚಿಕೊಂಡಿದೆ. ನೀರು ಕೆಟ್ಟಿದ್ದರೆ ಎರಡೂ ಕಿವಿರು ಜೋರಾಗಿ ಬಡಿಯಬೇಕು, ಎಲ್ಲಾ ಮೀನೂ ಒಟ್ಟಿಗೆ ಮೇಲಕ್ಕೆ ಬಂದು ಬಾಯಿ ತೆರೆಯಬೇಕು. ಒಂದೇ ಬದಿ ಅಂದರೆ ನನಗೆ ಮೊದಲು ನೆನಪಾಗುವುದು ಕಿವಿರಿನ ಫ್ಲೂಕ್, ಅಂದರೆ ಕಿವಿರಿಗೆ ಅಂಟಿಕೊಂಡು ಬದುಕುವ ಪುಟ್ಟ ಪರಾವಲಂಬಿ ಹುಳ.

ಮೆಥಿಲೀನ್ ಬ್ಲೂಗೂ ಮ್ಯಾಲಕೈಟ್ ಗ್ರೀನ್‌ಗೂ ಫ್ಲೂಕ್ ಬಗ್ಗುವುದಿಲ್ಲ. ಬಿಳಿ ಚುಕ್ಕಿಯ ಇಕ್, ಮತ್ತೆ ಕಾಸ್ಟಿಯಾ, ಟ್ರೈಕೊಡೈನಾ ಥರದ ಒಂದೇ ಕೋಶದ ಜೀವಿಗಳಿಗೆ ಹಸಿರು ಔಷಧಿ ಸರಿ. ಫ್ಲೂಕ್ ಹುಳ, ಅದರ ಜಾತಿಯೇ ಬೇರೆ. ಊಹೆಯಲ್ಲಿ ಹೋಗಬೇಡಿ, ಮೈಕ್ರೋಸ್ಕೋಪಿನಲ್ಲಿ ನೋಡಿ. 40 ಪಟ್ಟು, 100 ಪಟ್ಟು ದೊಡ್ಡದಾಗಿ ಕಂಡರೆ ಸಾಕು. ಹೈಸ್ಕೂಲು, ಕಾಲೇಜು ಲ್ಯಾಬಿನಲ್ಲಿರುವ ಮಾಮೂಲಿ ಯಂತ್ರವೇ ಆಗುತ್ತದೆ. ಪರಿಚಯದ ಜೀವಶಾಸ್ತ್ರ ಮೇಷ್ಟ್ರು ಇದ್ದರೆ ಕೇಳಿ, ಮೀನಿನ ಹುಳ ಅಂದರೆ ಅವರಿಗೂ ಖುಷಿಯಾಗುತ್ತದೆ.

ಮಾಡುವ ಕ್ರಮ: ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ. ಸ್ಲೈಡಿನ ಅಂಚನ್ನು ಎದೆ ರೆಕ್ಕೆಯ ಹಿಂದಿನಿಂದ ಬಾಲದ ಕಡೆಗೆ ಮೆಲ್ಲಗೆ ಎಳೆಯಿರಿ. ತಲೆಯ ಕಡೆಗೆ ಎಳೆದರೆ ಹುರುಪೆ ಕಿತ್ತುಬರುತ್ತದೆ. ಬಂದ ಲೋಳೆಯನ್ನು ಟ್ಯಾಂಕಿನದೇ ಒಂದು ಹನಿ ನೀರಿನಲ್ಲಿ ಇಟ್ಟು, ಕವರ್‌ಸ್ಲಿಪ್ ಮುಚ್ಚಿ ತಕ್ಷಣ ನೋಡಿ. ನಲ್ಲಿ ನೀರು ಬೇಡ, ಒಣಗಲು ಬಿಡಬೇಡಿ. ಸತ್ತ ಪರಾವಲಂಬಿಯನ್ನು ಗುರುತಿಸುವುದು ಕಷ್ಟ, ಓಡಾಟ ನೋಡಿಯೇ ಹೇಳಬೇಕು. ಟ್ರೈಕೊಡೈನಾ ಆದರೆ ಹಲ್ಲಿನ ಚಕ್ರ ತಿರುಗಿದ ಹಾಗೆ ಸುತ್ತುತ್ತಾ ಹೋಗುತ್ತದೆ. ಇಕ್ ದೊಡ್ಡ ದುಂಡಗಿನದು, ಒಳಗೆ ಕುದುರೆ ಲಾಳದ ಆಕಾರದ ನ್ಯೂಕ್ಲಿಯಸ್. ಫ್ಲೂಕ್ ಆದರೆ ಒಂದು ತುದಿಯಲ್ಲಿ ಕೊಕ್ಕೆ ಊರಿಕೊಂಡು ಉಳಿದ ಮೈಯನ್ನು ಎಳೆದು ಕುಗ್ಗಿಸುತ್ತಾ ಇರುತ್ತದೆ.

ಕಿವಿರನ್ನು ಕತ್ತರಿಸಿ ನೋಡುವ ಸಾಹಸ ಮನೆಯಲ್ಲಿ ಮಾಡಬೇಡಿ. ಅದು ಕೈ ಪಳಗಿದವರ ಕೆಲಸ. ಮೀನು ಸತ್ತುಹೋದರೆ ಮಾತ್ರ, ಅದೂ ಆಗಷ್ಟೇ ಸತ್ತಿದ್ದರೆ, ಕಿವಿರಿನ ಒಂದು ಎಳೆ ತೆಗೆದು ನೋಡಬಹುದು.

ಗಪ್ಪಿ ಗುರು, ಅಂಕೋಲಾ

ಕಾಲೇಜು ಲ್ಯಾಬಿಗೆ ಗೋಲ್ಡ್‌ಫಿಶ್ ಕರೆದುಕೊಂಡು ಹೋಗಿ ಅಡ್ಮಿಶನ್ ಮಾಡಿಸಿ 😄

ತೋಟದಮನೆ, ಶಿರಸಿ

ಅಡ್ಮಿಶನ್ ಆಯಿತು ಗುರುಗಳೇ. ಪರಿಚಯದ ಮೇಷ್ಟ್ರ ಲ್ಯಾಬಿಗೆ ದೊಡ್ಡ ಒರಾಂಡಾವನ್ನು ಬಕೆಟಿನಲ್ಲಿ ಒಯ್ದೆವು. ಮೈಯ ಲೋಳೆಯಲ್ಲಿ ಹೆಚ್ಚೇನೂ ಕಾಣಲಿಲ್ಲ. ಕಿವಿರು ಮುಚ್ಚಳದ ಅಂಚಿನ ಲೋಳೆಯನ್ನು ಮೇಷ್ಟ್ರು ಮೆಲ್ಲಗೆ ಒರೆಸಿ ತೆಗೆದರು. ಅದರಲ್ಲಿ ಇತ್ತು! ತೆಳ್ಳಗೆ, ಗಾಜಿನ ಹಾಗೆ ಪಾರದರ್ಶಕ, ಒಂದು ತುದಿಯಲ್ಲಿ ಎರಡು ದೊಡ್ಡ ಕೊಕ್ಕೆ. ಇನ್ನೊಂದು ತುದಿ ನಾಲ್ಕು ಕವಲಾಗಿ ಒಡೆದಿದೆ, ಅದರ ಹಿಂದೆ ನಾಲ್ಕು ಕಪ್ಪು ಚುಕ್ಕಿ. ಉದ್ದಕ್ಕೆ ಚಾಚುತ್ತದೆ, ಆ ಕಡೆ ಈ ಕಡೆ ತಡವುತ್ತದೆ, ಮತ್ತೆ ಮುದುಡುತ್ತದೆ. ಪಕ್ಕದಲ್ಲಿ ಮೊಟ್ಟೆಯಂಥದ್ದೂ ಒಂದು ಇತ್ತು. ಮೇಷ್ಟ್ರ ಹುಡುಗರು ಸಾಲುಗಟ್ಟಿ ನೋಡಿದರು.

ಕಾಳಿ ದಂಡೆ, ಕಾರವಾರ

ನಾಲ್ಕು ಕಪ್ಪು ಚುಕ್ಕಿ ಅಂದರೆ ಅದರ ಕಣ್ಣು. ಡ್ಯಾಕ್ಟೈಲೋಗೈರಸ್, ಕಿವಿರಿನ ಫ್ಲೂಕ್. ಚರ್ಮದ ಫ್ಲೂಕ್ ಗೈರೊಡ್ಯಾಕ್ಟಿಲಸ್‌ಗೆ ಕಣ್ಣಿನ ಚುಕ್ಕಿ ಇರುವುದಿಲ್ಲ, ಅದು ಮರಿ ಹಾಕುತ್ತದೆ. ಎಷ್ಟೋ ಸಲ ತಾಯಿಯ ಹೊಟ್ಟೆಯೊಳಗೇ ಮರಿಯ ಕೊಕ್ಕೆ ಕಾಣುತ್ತದೆ.

ನಿಮ್ಮದು ಮೊಟ್ಟೆ ಇಡುವ ಜಾತಿ. ಸರಿಯಾದ ಔಷಧಿ ಹಾಕಿದಮೇಲೂ "ಕಡಿಮೆಯಾಯಿತು, ಮತ್ತೆ ಶುರು" ಅನ್ನುವ ಗೋಳಿನ ಗುಟ್ಟು ಇಲ್ಲೇ ಇದೆ. ಔಷಧಿ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಅಲ್ಲ. ಮೊಟ್ಟೆ ಮರಳಿನಲ್ಲಿ ಬಿದ್ದಿರುತ್ತದೆ. 25 ಡಿಗ್ರಿ ಆಸುಪಾಸಿನಲ್ಲಿ ಕೆಲವೇ ದಿನದಲ್ಲಿ ಒಡೆದು, ಮರಿ ಈಜಿ ಹೋಗಿ ಮತ್ತೆ ಕಿವಿರು ಹಿಡಿಯುತ್ತದೆ. ನೀರು ತಣ್ಣಗಿದ್ದಷ್ಟೂ ಮೊಟ್ಟೆ ಒಡೆಯುವುದು ತಡ. ಶಿರಸಿಯ ಮಳೆಗಾಲದಲ್ಲಿ ಹೀಟರ್ ಇಲ್ಲದ ಟ್ಯಾಂಕು ತಣ್ಣಗೇ ಇರುತ್ತದಲ್ಲ. ಹಾಗಾಗಿ ಒಂದು ಡೋಸಿನಲ್ಲಿ ಮುಗಿಯುವ ಕೆಲಸ ಅಲ್ಲ.

ಬೇಕಾದ ಔಷಧಿ ಪ್ರಾಜಿಕ್ವಾಂಟೆಲ್. ಲೀಟರಿಗೆ 2ರಿಂದ 2.5 ಮಿಲಿಗ್ರಾಂ. ಟ್ಯಾಂಕು 200 ಲೀಟರ್ ಅಂದರೂ ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 170 ಇರಬಹುದು. ಆಗ 425 ಮಿಲಿಗ್ರಾಂ. 600ರ ಮಾತ್ರೆ ಸಿಕ್ಕರೆ ಮುಕ್ಕಾಲಿಗಿಂತ ಚೂರು ಕಡಿಮೆ. ಇದು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ನುಣ್ಣಗೆ ಪುಡಿ ಮಾಡಿ, ಮುಚ್ಚಳ ಇರುವ ಬಾಟಲಿಯಲ್ಲಿ ಟ್ಯಾಂಕಿನ ನೀರು ಹಾಕಿ ಜೋರಾಗಿ ಕುಲುಕಿ, ಫಿಲ್ಟರಿನ ನೀರು ಬೀಳುವಲ್ಲಿ ನಿಧಾನ ಸುರಿಯಿರಿ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆಯಿರಿ, ಯುವಿ ದೀಪ ಆರಿಸಿ. ಏರ್ ಪಂಪ್ ಓಡುತ್ತಲೇ ಇರಲಿ.

ಒಂದು ವಾರ ಬಿಟ್ಟು, ಮರಳಿನ ಹೊಲಸನ್ನು ಪೈಪಿನಿಂದ ಎಳೆದು, ಮೂರನೇ ಒಂದು ಭಾಗ ನೀರು ಬದಲಿಸಿ ಎರಡನೇ ಡೋಸ್. ಇನ್ನೊಂದು ವಾರಕ್ಕೆ ಮೂರನೆಯದು. ಮಧ್ಯೆ ಉಜ್ಜುವುದು ನಿಂತಿತು ಅಂತ ಯಾರೂ ನಿಲ್ಲಿಸಬೇಡಿ. ಎಲ್ಲರೂ ಸೋಲುವುದು ಅಲ್ಲೇ.

ಅಳಿವೆ, ಕುಮಟಾ

ನಾಯಿಯ ಜಂತುಹುಳದ ಮಾತ್ರೆಯಲ್ಲೂ ಪ್ರಾಜಿಕ್ವಾಂಟೆಲ್ ಇರುತ್ತದೆ, ಅದು ನಡೆಯುತ್ತದಾ?

ಕಾಳಿ ದಂಡೆ, ಕಾರವಾರ

ಚೀಟಿ ಓದಿ. ಅದರಲ್ಲಿ ಸಾಮಾನ್ಯವಾಗಿ ಪೈರಾಂಟೆಲ್, ಫೆಬಾಂಟೆಲ್ ಕೂಡ ಬೆರೆತಿರುತ್ತದೆ, ಜೊತೆಗೆ ನಾಯಿಗೆ ರುಚಿ ಬರಲಿ ಅಂತ ಮಾಂಸದ ಸುವಾಸನೆ. ಟ್ಯಾಂಕಿಗೆ ಅದೆಲ್ಲ ಯಾಕೆ? ಬರೀ ಪ್ರಾಜಿಕ್ವಾಂಟೆಲ್ ಇರುವುದನ್ನೇ ಹುಡುಕಿ. ಪಶುವೈದ್ಯರನ್ನು ಕೇಳಿದರೆ ಸಿಗುವ ದಾರಿ ಹೇಳುತ್ತಾರೆ.

ಲೋಚ್ ಪ್ರಿಯ, ಯಲ್ಲಾಪುರ

ಉಪ್ಪಿನ ಬಗ್ಗೆ ಯಾರೂ ಮಾತಾಡಲಿಲ್ಲ. ಉಪ್ಪು ಒಂದಿದ್ದರೆ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಸಾಣಿಕಟ್ಟಾ ಉಪ್ಪು ಆಗುತ್ತದಾ, ಅಯೋಡಿನ್ ಉಪ್ಪು ವಿಷವಾ?

ಅಳಿವೆ, ಕುಮಟಾ

ಸಾಣಿಕಟ್ಟಾ ಹರಳುಪ್ಪು ನಮ್ಮ ತಾಲೂಕಿನದೇ, ನಾನು ಬಳಸುವುದು ಅದನ್ನೇ. ಗಜನಿಯ (ಹಿನ್ನೀರು ನುಗ್ಗುವ ತಗ್ಗು ನೆಲದ) ಮಣ್ಣಿನ ಬಣ್ಣ ಇರುತ್ತದೆ. ಬಕೆಟಿನಲ್ಲಿ ಕರಗಿಸಿ, ಕೆಸರು ತಳಕ್ಕೆ ಕೂತಮೇಲೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಬೇಕು. ಅಯೋಡಿನ್ ಉಪ್ಪಿನಲ್ಲಿರುವ ಅಯೋಡಿನ್ ಮೀನನ್ನು ಕೊಲ್ಲುವಷ್ಟು ಇರುವುದಿಲ್ಲ, ಅದು ಹಳೇ ಹೆದರಿಕೆ.

ಹಳೇ ಟ್ಯಾಂಕು, ಹೊನ್ನಾವರ

ಒಪ್ಪಿದೆ. ಆದರೆ "ಉಪ್ಪು ಒಂದಿದ್ದರೆ ಸಾಕು" ಅನ್ನುವುದನ್ನು ಒಪ್ಪುವುದಿಲ್ಲ. ಲೀಟರಿಗೆ 1ರಿಂದ 3 ಗ್ರಾಂ ಉಪ್ಪು ಮೀನಿಗೆ ಆರಾಮ ಕೊಡುತ್ತದೆ, ಲೋಳೆ ಹೆಚ್ಚಿಸುತ್ತದೆ, ನೈಟ್ರೈಟ್ ಇದ್ದರೆ ಅದರ ವಿಷವನ್ನು ತಡೆಯುತ್ತದೆ. ಇಕ್‌ಗೂ ಕಾಸ್ಟಿಯಾಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಿವಿರಿನ ಫ್ಲೂಕ್ ಅಷ್ಟಕ್ಕೆಲ್ಲ ಹೆದರುವುದಿಲ್ಲ. ತೋಟದಮನೆಯವರ ಮೀನಿಗೆ ಎರಡು ದಿನ ಹಾಯೆನಿಸಿದ್ದು ಉಪ್ಪಿನ ಆರಾಮದಿಂದಲೇ ಇರಬೇಕು.

ಕಾರವಾರ, ಅಂಕೋಲಾ ಕಡೆ ಹೊಳೆ ಬಾಯಿಯ ಹತ್ತಿರ ಮನೆ ಇರುವವರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ನಿಮ್ಮ ಬಾವಿಗೇ ಉಪ್ಪು ಏರಿರುತ್ತದೆ. ಅಳೆಯದೆ ಮೇಲಿಂದ ಇನ್ನಷ್ಟು ಸೇರಿಸಬೇಡಿ. ನೀರು ಆವಿಯಾದರೆ ಉಪ್ಪು ಹೋಗುವುದಿಲ್ಲ, ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಹಾಕಬೇಕು.

ತೋಟದಮನೆ, ಶಿರಸಿ

ಮೂರನೇ ಡೋಸ್ ಮುಗಿಯಿತು. ಮೊದಲನೇ ಡೋಸಿನ ಮರುದಿನ ಉಜ್ಜುವುದು ಜಾಸ್ತಿಯೇ ಆಗಿತ್ತು, ಹೆದರಿಕೆಯಾಯಿತು. ಆಮೇಲೆ ಇಳಿಯಿತು. ಒರಾಂಡಾ ಎರಡೂ ಕಿವಿರು ತೆರೆದು ಉಸಿರಾಡುತ್ತಿದೆ. ಪಿಎಚ್ ಈಗ 7ರ ಹತ್ತಿರ, ಅಮೋನಿಯಾ ಸೊನ್ನೆ. ಒಂದು ಮಾಮೂಲಿ ಗೋಲ್ಡ್‌ಫಿಶ್ ಮಾತ್ರ ದಿನಕ್ಕೆ ಒಂದೆರಡು ಸಲ ಉಜ್ಜುತ್ತದೆ.

ಕಾಳಿ ದಂಡೆ, ಕಾರವಾರ

ಒಂದೆರಡು ಸಲ ಆರೋಗ್ಯವಂತ ಮೀನೂ ಉಜ್ಜುತ್ತದೆ. ಫ್ಲೂಕ್ ಕಿತ್ತ ಜಾಗ ಮಾಯಲೂ ಸಮಯ ಬೇಕು. ಅದಕ್ಕೆ ಅಂತ ನಾಲ್ಕನೇ ಡೋಸ್ ಬೇಡ. ಸಾಧ್ಯವಾದರೆ ಸ್ವಲ್ಪ ದಿನ ಬಿಟ್ಟು ಮೇಷ್ಟ್ರ ಲ್ಯಾಬಿಗೆ ಇನ್ನೊಂದು ಸಲ ಹೋಗಿ. ಮತ್ತೆ, ಹೊಸ ಮೀನು ತಂದರೆ ಬೇರೆ ಟಬ್ಬಿನಲ್ಲಿ ಮೂರ್ನಾಲ್ಕು ವಾರ ಇಡಿ. ಹೊಳೆಯಿಂದ, ಕೆರೆಯಿಂದ ಹಿಡಿದು ತಂದ ಮೀನಿಗಂತೂ ಇದು ಕಡ್ಡಾಯ.

ಲೋಚ್ ಪ್ರಿಯ, ಯಲ್ಲಾಪುರ

ನನ್ನ ಲೋಚ್ ಮೀನುಗಳೂ ಉಜ್ಜುತ್ತಿವೆ ಅಂತಲೇ ಈ ಚರ್ಚೆ ಓದುತ್ತಿದ್ದೆ. ಅವಕ್ಕೂ ಇದೇ ಡೋಸ್ ನಡೆಯುತ್ತದಾ?

ಹಳೇ ಟ್ಯಾಂಕು, ಹೊನ್ನಾವರ

ಪ್ರಾಜಿಕ್ವಾಂಟೆಲ್ ಲೋಚ್‌ಗೆ ನಡೆಯುತ್ತದೆ, ಅದೇ ಅಳತೆ. ಅವಕ್ಕೆ ಆಗದ್ದು ಹಸಿರು ಔಷಧಿ ಮತ್ತು ಜಾಸ್ತಿ ಉಪ್ಪು. ಹುರುಪೆ ತೀರಾ ಸಣ್ಣದು, ಕೆಲವಕ್ಕೆ ಇಲ್ಲವೇ ಇಲ್ಲ. ಮ್ಯಾಲಕೈಟ್ ಗ್ರೀನ್ ಬಳಸಲೇಬೇಕಾದರೆ ಬಾಟಲಿಯ ಡೋಸಿನ ಅರ್ಧ, ಕೈಗೆ ಗ್ಲೌಸ್ ಹಾಕಿಕೊಂಡು. ತಿನ್ನುವ ಮೀನಿನ ಕೆರೆಗೆ ಅದನ್ನು ಯಾವತ್ತೂ ಹಾಕಬಾರದು, ನಿಷೇಧ ಇದೆ. ಆದರೆ ಮೊದಲು ನಿಮ್ಮ ಪಿಎಚ್, ಕೆಎಚ್ ಎಷ್ಟು ಅಂತ ಬರೆಯಿರಿ. ಯಲ್ಲಾಪುರದ ಬಾವಿ ನೀರೂ ಶಿರಸಿಯದರ ತಮ್ಮನೇ.

ತೋಟದಮನೆ, ಶಿರಸಿ

ಇನ್ನೊಂದು ಪ್ರಶ್ನೆ ಉಳಿಯಿತು. ಟ್ಯಾಂಕಿನಿಂದ ತೆಗೆದ ಔಷಧಿ ನೀರು, ಉಪ್ಪು ನೀರು ಎಲ್ಲಿಗೆ ಚೆಲ್ಲುತ್ತೀರಿ? ನಮ್ಮ ಮನೆ ಹಿಂದೆ ಹಳ್ಳ ಇದೆ.

ಅಳಿವೆ, ಕುಮಟಾ

ಹಳ್ಳಕ್ಕೆ, ಬಾವಿ ಕಟ್ಟೆಯ ಹತ್ತಿರ ಬೇಡ. ಅಲ್ಲಿಯ ಮೀನಿಗೆ ನಿಮ್ಮ ಫ್ಲೂಕ್ ಮೊಟ್ಟೆ ಹೋಗಿ ಸೇರುತ್ತದೆ. ಉಪ್ಪು ನೀರನ್ನು ತೆಂಗಿನ ಬುಡಕ್ಕೆ ಹಾಕಿ, ತೆಂಗು ತಡೆದುಕೊಳ್ಳುತ್ತದೆ. ಅಡಿಕೆಗೂ ಕಾಳುಮೆಣಸಿಗೂ ಹಾಕಬೇಡಿ. ಔಷಧಿ ನೀರಿಗೆ ಹಳ್ಳದಿಂದ ದೂರದ ಒಣ ನೆಲ ನೋಡಿ. ಬಲೆ, ಪೈಪು ಬಿಸಿಲಿಗೆ ಪೂರ್ತಿ ಒಣಗಲಿ, ಬಿಸಿಲು ಬಂದರೆ.